ಹಿಂದಿಂದ ಗಾಡಿಗೆ ಗುದ್ದಿದ್ರ ಏನ್ ಮಾಡೂದು: ಅಲ್ಲೇ ರೊಕ್ಕ, ನಮ್ಮ ಇನ್ಶೂರೆನ್ಸು, ಇಲ್ಲಾ ಅವರ ಇನ್ಶೂರೆನ್ಸು?

ಮೂರು ವರ್ಷದ ಹಿಂದ ಜೂನ್ ತಿಂಗಳದಾಗ ಹುಬ್ಬಳ್ಳಿಯ ಉಣಕಲ್ ಕ್ರಾಸ್ ಸಿಗ್ನಲ್ಲಿಗೆ ನಿಂತಿದ್ದೆ, ಹಿಂದಿಂದ ಒಂದು ಗೂಡ್ಸ್ ಟೆಂಪೋ ಬಂದು ಗುದ್ದಿತು. ಇಳದು ನೋಡಿದ್ರ ಬಂಪರ್ ಮ್ಯಾಲೆ ಒಂದು ಉದ್ದನ ಗೆರಿ, ಬಲಗಡೆ ಟೇಲ್ ಲ್ಯಾಂಪ್ ಒಡದಿತ್ತು, ಅಷ್ಟ. ಡ್ರೈವರ್ ಸಣ್ಣ ಹುಡುಗ, ಮಾಲಕರಿಗೆ ಗೊತ್ತಾದ್ರ ಕೆಲಸ ಹೋಕ್ಕೇತ್ರಿ ಸರ್ ಅಂತ ಕೈ ಮುಗದ, ಕಿಸೆದಾಗಿಂದ 3,000 ರೂಪಾಯಿ ತಗದು ಕೊಟ್ಟ, ಹಿಂದ ಗಾಡಿ ಸಾಲುಗಟ್ಟಿ ಹಾರ್ನ್ ಹೊಡ್ಯಾಕ ಹತ್ತಿದ್ವು, ನಾನೂ ತಗೊಂಡು ಮನಿಗೆ ಬಂದೆ. ಲ್ಯಾಂಪ್ ಹಾಕಿಸಿದೆ, ಪಾಲಿಶ್ ಹೊಡಿಸಿದೆ, ಮುಗೀತು ಅನ್ಕೊಂಡೆ.

ಆಗಸ್ಟ್ ಮಳಿಯೊಳಗ ಡಿಕ್ಕಿ ತಗದ್ರ ಮುಗ್ಗಲ ವಾಸನಿ. ಸ್ಟೆಪ್ನಿ ಎತ್ತಿದ್ರ ತಗ್ಗಿನ್ಯಾಗ ನಾಲ್ಕು ಬೆರಳು ನೀರು. ಗ್ಯಾರೇಜಿಗೆ ಒಯ್ದು ಬಂಪರ್ ಬಿಚ್ಚಿಸಿದಾಗ ಒಳಗಿನ ಕಬ್ಬಿಣದ ಬೀಮ್ ಬಾಗಿತ್ತು, ಡಿಕ್ಕಿ ತಳದ ತಗಡು ಸುಕ್ಕುಗಟ್ಟಿ ಜೋಡಣಿ ಹತ್ರ ಸೀಲಂಟ್ ಬಿಟ್ಟಿತ್ತು. ಖರ್ಚು 27,000. ಇನ್ಶೂರೆನ್ಸಿಗೆ ಹೇಳೂಣು ಅಂದ್ರ ಎರಡು ತಿಂಗಳ ಮ್ಯಾಲಾಗಿತ್ತು, ಆ ಹುಡುಗನ ನಂಬರ್ ಇರಲಿಲ್ಲ, ಒಂದು ಫೋಟೋ ಸೈತ ಇರಲಿಲ್ಲ. ಆವತ್ತಿಂದ ಯಾರರ ಫೋನ್ ಮಾಡಿ ಹಿಂದಿಂದ ಗುದ್ಯಾರ, ಏನ್ ಮಾಡ್ಲಿ ಅಂತ ಕೇಳಿದ್ರ ನಾ ಮೊದಲು ಹೇಳೂದು ಒಂದ ಮಾತು, ಬಂಪರ್ ಬಿಚ್ಚಿ ಒಳಗ ನೋಡೂತನಕ ರೊಕ್ಕದ ಮಾತು ಆಡಬ್ಯಾಡ್ರಿ. ಈಗಿನ ಗಾಡಿ ಬಂಪರ್ ಪ್ಲಾಸ್ಟಿಕ್, ಗುದ್ದಿದಾಗ ಒಳಗ ಹೋಗಿ ಮತ್ತ ಮೊದಲಿನಂಗ ಹೊರಗ ಬರ್ತೇತಿ, ಹಿಂದಿರೂ ತಗಡು ಬರೂದಿಲ್ಲ. ಹೊರಗ ಕಾಣೂದನ್ನ ನೋಡಿ ಲೆಕ್ಕ ಹಾಕಿದ್ರ ತಪ್ಪೇ ತಪ್ಪು.

ಹಂಗಂತ ರಸ್ತೆದಾಗ ಏನೂ ಮಾಡಬ್ಯಾಡ್ರಿ ಅಂತಲ್ಲ. ಮೊದಲು ಮಂದಿಗೆ ಏನರ ಆಗೇತೇನು ನೋಡ್ರಿ, ಕುತ್ತಿಗಿ ನೋವು ಅಂದ್ರ ಸಣ್ಣದು ಅಂತ ಬಿಡಬ್ಯಾಡ್ರಿ, 108 ಇಲ್ಲಾ 112ಕ್ಕ ಮಾಡ್ರಿ, ನ್ಯಾಷನಲ್ ಹೈವೇ ಆದ್ರ 1033 ಐತಿ. ಗಾಡಿ ಸರಿಸೂಕಿಂತ ಮೊದಲು ನಾಲ್ಕು ಫೋಟೋ, ಎರಡೂ ನಂಬರ್ ಪ್ಲೇಟ್ ಕಾಣೂಹಂಗ, ಎರಡೂ ಗಾಡಿ ನಿಂತ ಜಾಗ ಕಾಣೂಹಂಗ. ಆದ್ರ ಹುಬ್ಬಳ್ಳಿ-ಧಾರವಾಡ ಬೈಪಾಸ್ ಮ್ಯಾಲೆ ಇದ್ರ, ಗಬ್ಬೂರಿಂದ ನರೇಂದ್ರತನಕ ಎಲ್ಲೇ ಆಗ್ಲಿ, ಫೋಟೋ ಅಂತ ನಡು ರಸ್ತೆದಾಗ ನಿಂದ್ರಬ್ಯಾಡ್ರಿ, ಅಲ್ಲಿ ಲಾರಿ ಬರೂ ಸ್ಪೀಡಿಗೆ ಎರಡನೇ ಗುದ್ದು ಮೊದಲನೇದಕ್ಕಿಂತ ಕೆಟ್ಟ ಇರ್ತೇತಿ, ಹಜಾರ್ಡ್ ಲೈಟ್ ಹಾಕಿ ಮಂದಿನ್ನ ರಸ್ತೆ ಬಿಟ್ಟು ಇಳಿಸಿ ಆಮ್ಯಾಲೆ ಉಳಿದದ್ದು. ಎಂಪರಿವಾಹನ್ ಆ್ಯಪಿನ್ಯಾಗ ಅವರ ಗಾಡಿ ನಂಬರ್ ಹಾಕಿದ್ರ ಇನ್ಶೂರೆನ್ಸ್ ಚಾಲ್ತಿ ಐತೋ ಇಲ್ಲೋ ಅಲ್ಲೇ ಗೊತ್ತಾಕ್ಕೇತಿ, ಇದಕ್ಕ ಒಂದು ನಿಮಿಷ ಸಾಕು, ಮುಂದಿನ ದಾರಿ ಅರ್ಧ ಇದರ ಮ್ಯಾಲೆ ನಿಂತಿರ್ತೇತಿ. ಮೋಟಾರು ವಾಹನ ಕಾಯ್ದೆ 1988ರ 134ನೇ ಕಲಮಿನ ಪ್ರಕಾರ ಗಾಯ ಆದ್ರ, ಇಲ್ಲಾ ಇನ್ನೊಬ್ಬರ ಆಸ್ತಿಗೆ ಹಾನಿ ಆದ್ರ, ಪೊಲೀಸರು ಕೇಳಿದ್ರ ಮಾಹಿತಿ ಕೊಡೂದು ಮತ್ತ ತನ್ನ ವಿಮಾ ಕಂಪನಿಗೆ ತಿಳಿಸೂದು ಗುದ್ದಿದ ಡ್ರೈವರನ ಕರ್ತವ್ಯ, ಹಂಗಾಗಿ ಅವರ ವಿವರ ಕೇಳಾಕ ಸಂಕೋಚ ಬ್ಯಾಡ.

ಅಲ್ಲೇ ರೊಕ್ಕ ತಗೊಳ್ಳೂದು

ನಮ್ಮ ಕಡೆ ಹೆಚ್ಚಿನ ಪಾಲು ಹಿಂಗ ಮುಗೀತಾವು, ಮತ್ತ ಎಲ್ಲಾ ಸಲ ಅದು ತಪ್ಪೂ ಅಲ್ಲ. ಸಿಗ್ನಲ್ಲಿನ್ಯಾಗ ತೆವಳಿಕೊಂಡು ಬಂದು ತಾಗಿದ್ದು, ಬಣ್ಣ ಅಷ್ಟ ಹೋಗೇತಿ, ಡಿಕ್ಕಿ ಬಾಗಲಾ ಮೊದಲಿನಂಗ ಹಾಕ್ತೇತಿ ತಗೀತೇತಿ, ಎರಡೂ ಕಡೆ ಸಂದಿ ಸಮ ಐತಿ, ಹಂಗಿದ್ರ ಇನ್ಶೂರೆನ್ಸಿನ ಗೋಜು ಬ್ಯಾಡ. ಆದ್ರ ರೊಕ್ಕ ಅಲ್ಲೇ ಎಣಿಸಿ ತಗೊಳ್ಳೂ ಬದಲು, ಬರ್ರಿ ಗ್ಯಾರೇಜಿಗೆ ಕೂಡೇ ಹೋಗೂಣು ಅನ್ರಿ. ಹುಬ್ಬಳ್ಳಿಯೊಳಗ ಇದ್ರ ಗೋಕುಲ ರೋಡ್ ಎಲ್ಲಿಂದ್ರೂ ದೂರಿಲ್ಲ, ಬಂಪರ್ ಬಿಚ್ಚಾಕ ಅರ್ಧ ತಾಸು ಸಾಕು, ಮೇಸ್ತ್ರಿ ಇಬ್ಬರ ಮುಂದ ಹೇಳಿದ ರೇಟ್ ಇಬ್ಬರಿಗೂ ಒಪ್ಪಿಗಿ ಆಕ್ಕೇತಿ. ಬರಾಕ ಟೈಮಿಲ್ಲ ಅಂದ್ರ ಫೋನ್‌ಪೇ ಇಲ್ಲಾ ಗೂಗಲ್‌ಪೇದಾಗ ಹಾಕಿಸ್ಕೊಳ್ರಿ, ನಗದು ಬ್ಯಾಡ, ಮತ್ತ ವಾಟ್ಸಾಪಿನ್ಯಾಗ ಎರಡು ಸಾಲು ಹಾಕ್ರಿ: ಇವತ್ತು ಇಂಥಲ್ಲಿ ನಿಮ್ಮ ಗಾಡಿ ನಮ್ಮ ಗಾಡಿಗೆ ಹಿಂದಿಂದ ತಾಗೇತಿ, ಸದ್ಯಕ್ಕ ಇಷ್ಟು ಕೊಟ್ಟೀರಿ, ಬಿಚ್ಚಿದ ಮ್ಯಾಲೆ ಒಳಗ ಹಾನಿ ಕಂಡ್ರ ಅದು ಬ್ಯಾರೆ. ಅವರು ಹೂಂ ಅಂತ ಬರದ್ರ ಸಾಕು. ಇನ್ನ ಮುಂದ ನಮ್ಮದು ಏನೂ ತಕರಾರಿಲ್ಲ ಅಂತ ಕಾಗದಕ್ಕ ಸಹಿ ಕೇಳಿದ್ರ ಮಾತ್ರ ಕೊಡಬ್ಯಾಡ್ರಿ, ಆ ಸಹಿ ಆದ ಮ್ಯಾಲೆ ನಿಮ್ಮ ಇನ್ಶೂರೆನ್ಸಿನವರೂ ಅದನ್ನ ಹಿಡಕೊಂಡು ಕುಂದ್ರಬಹುದು.

ಗುದ್ದಿದವರು ನೀವ ಆಗಿದ್ರ ಒಂದು ಮಾತು. ಪಾಲಿಸಿ ಷರತ್ತಿನ್ಯಾಗ ಕಂಪನಿ ಒಪ್ಪಿಗಿ ಇಲ್ದ ತಪ್ಪು ಒಪ್ಕೊಳ್ಳೂದು, ರೊಕ್ಕ ಕೊಡ್ತೇನಿ ಅಂತ ಮಾತು ಕೊಡೂದು ಮಾಡಬಾರದು ಅಂತ ಇರ್ತೇತಿ, ಮುಂದಿನ ಗಾಡಿಗೆ ಹಾನಿ ದೊಡ್ಡದಿದ್ರ ಮೊದಲು ಕಂಪನಿಗೆ ಫೋನ್ ಮಾಡ್ರಿ.

ನಮ್ಮ ಇನ್ಶೂರೆನ್ಸಿನ್ಯಾಗ ಕ್ಲೇಮ್ ಮಾಡೂದು

ಇಲ್ಲಿ ಮೊದಲು ಪಾಲಿಸಿ ತಗದು ನೋಡ್ರಿ, ಓನ್ ಡ್ಯಾಮೇಜ್, ಅಂದ್ರ ನಮ್ಮ ಗಾಡಿ ಹಾನಿಗೆ ಕೊಡೂ ಭಾಗ, ಚಾಲ್ತಿ ಐತೇನು ಅಂತ. ಸೆಪ್ಟೆಂಬರ್ 2018ರಿಂದ ಹೊಸ ಕಾರಿಗೆ ಮೂರು ವರ್ಷದ, ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ (ನಮ್ಮ ಗಾಡಿಯಿಂದ ಇನ್ನೊಬ್ಬರಿಗೆ ಆದ ಹಾನಿಗೆ ಕೊಡೂ ಭಾಗ) ಒಮ್ಮೆಲೇ ತಗೊಳ್ಳೂದು ಕಡ್ಡಾಯ ಆಗೇತಿ, ಅದನ್ನ ನೋಡಿ ಮೂರು ವರ್ಷ ಇನ್ಶೂರೆನ್ಸ್ ಐತಿ ಅಂತ ಮಂದಿ ಆರಾಮ ಇರ್ತಾರ, ನಮ್ಮ ಗಾಡಿ ಹಾನಿ ಕೊಡೂ ಭಾಗ ಒಂದ ವರ್ಷಕ್ಕ ಮುಗದಿರ್ತೇತಿ. ನಮ್ಮ ಓಣಿಯಾಗ ಇಬ್ಬರಿಗೆ ಹಿಂಗ ಆಗೇತಿ, ಗುದ್ದಿಸಿಕೊಂಡ ಮ್ಯಾಲೆ ಗೊತ್ತಾತು.

ಚಾಲ್ತಿ ಇದ್ರ ಆವತ್ತ ತಿಳಿಸ್ರಿ, ನಾಳೆ ಅನ್ನಬ್ಯಾಡ್ರಿ. ತಿಳಿಸಿದ ಕೂಡ್ಲೆ ಕ್ಲೇಮ್ ಆಗೇ ಬಿಡ್ತೇತಿ ಅಂತ ಹೆದರಬ್ಯಾಡ್ರಿ, ಎಸ್ಟಿಮೇಟ್ ನೋಡಿ ಬ್ಯಾಡ ಅನ್ನಿಸಿದ್ರ ರೊಕ್ಕ ಮಂಜೂರಾಗೂಕಿಂತ ಮೊದಲು ವಾಪಸ್ ತಗೋಬಹುದು, ತಗೊಂಡ್ರ ಅದನ್ನ ಈಮೇಲಿನ್ಯಾಗ ಬರಸ್ಕೊಳ್ರಿ. ಯಾರಿಗೂ ಗಾಯ ಆಗಿಲ್ಲ, ಬರೇ ನಮ್ಮ ಗಾಡಿ ಹಾನಿ ಅಂದ್ರ ಸಾಮಾನ್ಯವಾಗಿ ಎಫ್‌ಐಆರ್ ಕೇಳೂದಿಲ್ಲ. ಆರ್‌ಸಿ, ಲೈಸೆನ್ಸ್, ಪಾಲಿಸಿ, ಕ್ಲೇಮ್ ಫಾರ್ಮ್, ಎಸ್ಟಿಮೇಟ್, ಇಷ್ಟ.

ಈಗ ಲೆಕ್ಕ. ಕ್ಲೇಮ್ ಮಾಡಿದ್ರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಕ್ಕ ಪ್ರೀಮಿಯಂದಾಗ ಸಿಗೂ ರಿಯಾಯ್ತಿ) ಹೋಕ್ಕೇತಿ ಅಂತ ಎಲ್ಲಾರೂ ಹೇಳ್ತಾರ, ಎಷ್ಟು ಹೋಕ್ಕೇತಿ ಅಂತ ಯಾರೂ ಹೇಳೂದಿಲ್ಲ. ಬೋನಸ್ಸಿನ ಮೆಟ್ಟಲು ಹಿಂಗ: 20, 25, 35, 45, 50 ಪರ್ಸೆಂಟ್, ಅದೂ ಓನ್ ಡ್ಯಾಮೇಜ್ ಪ್ರೀಮಿಯಂ ಮ್ಯಾಲೆ ಅಷ್ಟ, ಥರ್ಡ್ ಪಾರ್ಟಿ ಮ್ಯಾಲೆ ಅಲ್ಲ. ನಿಮ್ಮ ಓನ್ ಡ್ಯಾಮೇಜ್ ಪ್ರೀಮಿಯಂ ಬೋನಸ್ ಕಳಿಯೂಕಿಂತ ಮೊದಲು 8,000 ಅಂತ ಹಿಡೀರಿ, ನೀವು 50ರ ಮೆಟ್ಟಲ ಮ್ಯಾಲೆ ಅದೀರಿ ಅಂತ ಹಿಡೀರಿ. ಕ್ಲೇಮ್ ಮಾಡದಿದ್ರ ವರ್ಷಾ 4,000 ಕಟ್ತಿದ್ರಿ. ಕ್ಲೇಮ್ ಮಾಡಿದ್ರ ಮುಂದಿನ ವರ್ಷ 8,000, ಆಮ್ಯಾಲೆ 6,400, 6,000, 5,200, 4,400, ಆರನೇ ವರ್ಷಕ್ಕ ಮತ್ತ 4,000ಕ್ಕ ಬರ್ತೀರಿ. ಹೆಚ್ಚಿಗಿ ಕಟ್ಟಿದ್ದೆಲ್ಲಾ ಕೂಡಿಸಿದ್ರ 10,000. ಗಾಡಿ ಹಳೇದಾದಂಗ ಪ್ರೀಮಿಯಂ ಇಳೀತೇತಿ, ಅದಕ್ಕ ಖರೇ ಹೇಳ್ಬೇಕಂದ್ರ ಸ್ವಲ್ಪ ಕಡಿಮಿನ ಆಕ್ಕೇತಿ. ಅದ ನಿಮಗ ಮುಂದಿನ ರಿನ್ಯೂವಲ್ಲಿಗೆ ಮೊದಲನೇ 20 ಸಿಗೂದಿತ್ತು ಅಂದ್ರ ಕಳಕೊಳ್ಳೂದು 4,000 ಅಷ್ಟ. ಹಂಗಾಗಿ ಬಾಜೂ ಮನಿಯವರು ಕ್ಲೇಮ್ ಮಾಡಲಿಲ್ಲ, ನಾವೂ ಮಾಡೂದು ಬ್ಯಾಡ ಅನ್ನೂದು ಸರಿಯಲ್ಲ, ಅವರ ಮೆಟ್ಟಲು ಬ್ಯಾರೆ ನಿಮ್ಮ ಮೆಟ್ಟಲು ಬ್ಯಾರೆ. ಬೋನಸ್ ಪ್ರೊಟೆಕ್ಟ್ ಅಂತ ಆ್ಯಡ್ ಆನ್ ತಗೊಂಡಿದ್ರ ಈ ಲೆಕ್ಕಾನ ಬ್ಯಾಡ.

ಎರಡನೇದು ಕಡಿತ. ಪಾರ್ಟ್ ಹಳೇದಾಗೇತಿ ಅಂತ ಕಂಪನಿ ಕಳಿಯೂ ರೊಕ್ಕಕ್ಕ ಡೆಪ್ರಿಸಿಯೇಷನ್ ಅಂತಾರ, ಅದನ್ನ ಕಳಿಯಬಾರದು ಅನ್ನೂ ಆ್ಯಡ್ ಆನ್ ಜೀರೋ ಡೆಪ್. ಜೀರೋ ಡೆಪ್ ಇಲ್ಲಂದ್ರ ಪ್ಲಾಸ್ಟಿಕ್ ರಬ್ಬರಿಗೆ ಅರ್ಧ ನಮ್ಮ ತಲಿ ಮ್ಯಾಲೆ, ಗಾಜಿಗೆ ಕಡಿತ ಇಲ್ಲ, ಕಬ್ಬಿಣದ ಪಾರ್ಟಿಗೆ ಗಾಡಿ ವಯಸ್ಸಿನ ಮ್ಯಾಲೆ, ಮೂರರಿಂದ ನಾಲ್ಕು ವರ್ಷದ್ದಕ್ಕ 25 ಪರ್ಸೆಂಟ್, ಐದು ದಾಟಿದ್ರ 40, ಹತ್ತು ದಾಟಿದ್ರ 50. ಹಿಂದಿಂದ ಗುದ್ದಿದಾಗ ಹೋಗೂದ ಬಂಪರ್ ಮತ್ತ ಟೇಲ್ ಲ್ಯಾಂಪ್, ಎರಡೂ ಪ್ಲಾಸ್ಟಿಕ್, ಅದಕ್ಕ ಈ ನಮೂನಿ ಹಾನಿಯೊಳಗ ಜೀರೋ ಡೆಪ್ ಇದ್ದವರಿಗೂ ಇಲ್ಲದವರಿಗೂ ಬಾಳ ಫರಕು ಬೀಳ್ತೇತಿ. ಉದಾಹರಣಿಗೆ ಮೂರೂವರಿ ವರ್ಷದ ಗಾಡಿ, ಬಂಪರ್ 6,000, ಡಿಕ್ಕಿ ಬಾಗಲಾ 12,000, ಪೇಂಟಿಂಗ್ 8,000, ಕೂಲಿ 4,000, ಒಟ್ಟು 30,000 ಅಂತ ಇಟ್ಕೊಳ್ರಿ. ಬಂಪರಿಗೆ 3,000, ಬಾಗಲಾಕ್ಕ 3,000 ಹೋತು. ಪೇಂಟಿಂಗ್ ಬಿಲ್ಲಿನ್ಯಾಗ ಕಾಲು ಭಾಗ ಬಣ್ಣದ ಮಾಲಿನ ಖರ್ಚು ಅಂತ ಹಿಡದು ಅದರ ಅರ್ಧ ಕಳೀತಾರ, ಅಂದ್ರ 1,000. 1500 ಸಿಸಿ ಒಳಗಿನ ಕಾರಿಗೆ ಕಡ್ಡಾಯ ಕಡಿತ, ಅಂದ್ರ ಪ್ರತಿ ಕ್ಲೇಮಿನ್ಯಾಗ ನಾವ ಹಾಕಬೇಕಾದ ಪಾಲು, ಮತ್ತ 1,000. ನಿಮ್ಮ ಕೈಯಿಂದ 8,000, ಕಂಪನಿ 22,000. 50ರ ಮೆಟ್ಟಲ ಮ್ಯಾಲಿದ್ದವರು 22,000ದಾಗ 10,000 ಕಳದ್ರೂ 12,000 ಲಾಭ, ಮಾಡ್ರಿ ಕ್ಲೇಮ್. ಬರೇ ಬಂಪರ್ ಹೋಗಿ 9,000 ಬಿಲ್ ಆಗಿದ್ರ ಅವರಿಗೆ ಕ್ಲೇಮ್ ನಷ್ಟ.

ಅವರ ಇನ್ಶೂರೆನ್ಸಿಂದ ತಗೊಳ್ಳೂದು

ಕಾಯ್ದೆ ನೋಡಿದ್ರ ಇದ ನ್ಯಾಯದ ದಾರಿ. ಮುಂದಿನ ಗಾಡಿ ಒಮ್ಮೆಲೇ ನಿಂತ್ರೂ ತಾಗದಷ್ಟು ಅಂತರ ಹಿಂದಿನವ ಇಟ್ಕೋಬೇಕು ಅಂತ ಡ್ರೈವಿಂಗ್ ನಿಯಮ ಹೇಳ್ತೇತಿ, ಆದ್ದರಿಂದ ತಪ್ಪಿನ ಭಾರ ಸಾಮಾನ್ಯವಾಗಿ ಹಿಂದಿನವನ ಮ್ಯಾಲೆ. ಸಾಮಾನ್ಯವಾಗಿ ಅಂದೆ ಯಾಕಂದ್ರ, ಹಾವೇರಿ ಕಡೆ ಕಬ್ಬಿನ ಸೀಜನ್ನಿನ್ಯಾಗ ರಾತ್ರಿ ರಿಫ್ಲೆಕ್ಟರ್ ಇಲ್ದ, ಲೈಟ್ ಇಲ್ದ ಟ್ರೇಲರ್ ರಸ್ತೆ ಮ್ಯಾಲೆ ನಿಂತಿರ್ತಾವು, ಅಂಥಲ್ಲಿ ಹಿಂದಿಂದ ಗುದ್ದಿದವಂದ ಪೂರಾ ತಪ್ಪು ಅಂತ ಕೋರ್ಟ್ ಅನ್ನಬೇಕಂತಿಲ್ಲ, ತಪ್ಪು ಹಂಚಿಕಿ ಆಗಬಹುದು. ನಿಮ್ಮ ಬ್ರೇಕ್ ಲೈಟ್ ಉರೀತಾವೇನು ಅಂತ ವಾರಕ್ಕೊಮ್ಮೆ ನೋಡಿಸ್ರಿ.

ಗುದ್ದಿದ ಗಾಡಿ ಕಾರು, ಲಾರಿ, ಟೆಂಪೋ ಯಾವುದಾದ್ರೂ ಅದರ ಥರ್ಡ್ ಪಾರ್ಟಿ ಪಾಲಿಸಿಯೊಳಗ ಇನ್ನೊಬ್ಬರ ಆಸ್ತಿ ಹಾನಿಗೆ ಏಳೂವರಿ ಲಕ್ಷತನಕ ಇರ್ತೇತಿ, ಬೈಕ್ ಆದ್ರ ಒಂದು ಲಕ್ಷ. ಆದ್ರ ಮಾಲಕ ಪ್ರೀಮಿಯಂ ಉಳಿಸಾಕ ಅದನ್ನ 6,000ಕ್ಕ ಇಳಿಸಿರಬಹುದು, ಆವಾಗ ಉಳಿದದ್ದನ್ನ ಮಾಲಕನ ಕೊಡಬೇಕು. ನಿಮ್ಮ ಬೋನಸ್ಸಿಗೆ ಏನೂ ಆಗೂದಿಲ್ಲ, ಪ್ಲಾಸ್ಟಿಕ್ಕಿಗೆ ಅರ್ಧ ಅನ್ನೂ ನಿಮ್ಮ ಪಾಲಿಸಿ ತಕ್ತೆ ಇಲ್ಲಿ ಬರೂದಿಲ್ಲ, ಗಾಡಿ ಗ್ಯಾರೇಜಿನ್ಯಾಗ ಇದ್ದ ದಿನದ ಬಾಡಿಗಿ ಗಾಡಿ ಖರ್ಚು ಸೈತ ಕೇಳಬಹುದು. ತೊಂದ್ರಿ ಅಂದ್ರ ವೇಳೆ. ಅವರ ಕಂಪನಿ ಆಫೀಸಿಗೆ ಹೋಗಿ ಬಿಲ್ ಕೊಟ್ರ ರೊಕ್ಕ ಬರೂದಿಲ್ಲ. ಪೊಲೀಸ್ ಕೇಸ್ ಆಗಬೇಕು, ಈಗಿನ ಭಾರತೀಯ ನ್ಯಾಯ ಸಂಹಿತೆಯೊಳಗ ಅಡ್ಡಾದಿಡ್ಡಿ ಗಾಡಿ ಓಡಿಸೂದಕ್ಕ 281ನೇ ಕಲಂ, ಆಮ್ಯಾಲೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನ್ಯಾಗ ಅರ್ಜಿ. ಒಂದು ಅನುಕೂಲ ಏನಂದ್ರ ಅರ್ಜಿ ಗುದ್ದಿದ ಊರಾಗ ಹಾಕಬೇಕಂತಿಲ್ಲ, ನೀವು ಇರೂ ಊರಾಗೂ ಹಾಕಬಹುದು. ನಮ್ಮ ಕಾಕಾ ಗದಗದವರು, ಬೈಪಾಸಿನ ಮ್ಯಾಲೆ ಲಾರಿ ಗುದ್ದಿತ್ತು, ಗದಗದಾಗ ಕೇಸ್ ಹಾಕಿದ್ರು, ಧಾರವಾಡಕ್ಕ ಅಡ್ಡಾಡೂದು ತಪ್ಪಿತು. 2019ರ ತಿದ್ದುಪಡಿ ಆದ ಮ್ಯಾಲೆ ಅರ್ಜಿಗೆ ಆರು ತಿಂಗಳ ಗಡುವು ಬಂದೈತಿ, ಆದ್ದರಿಂದ ವಕೀಲರನ್ನ ಮೊದಲನೇ ತಿಂಗಳದಾಗ ಕಾಣ್ರಿ. ಕಾಕಾಗ ರೊಕ್ಕ ಕೈಗೆ ಬರಾಕ ಎರಡು ವರ್ಷದ ಮ್ಯಾಲಾತು, ರಿಪೇರಿ ಖರ್ಚು ಅಲ್ಲೀತನಕ ಅವರ ಹಾಕಿದ್ರು.

ನನ್ನ ಅಭಿಪ್ರಾಯ ಕೇಳಿದ್ರ, ಬರೇ ತಗಡಿನ ಹಾನಿ, 40-50 ಸಾವಿರದ ಒಳಗ, ನಿಮಗ ಓನ್ ಡ್ಯಾಮೇಜ್ ಐತಿ ಅಂದ್ರ ಈ ದಾರಿ ಹಿಡಿಯೂದು ಬ್ಯಾಡ. ಮಂದಿಗೆ ಗಾಯ ಆಗೇತಿ, ಇಲ್ಲಾ ನಿಮ್ಮಲ್ಲಿ ಥರ್ಡ್ ಪಾರ್ಟಿ ಅಷ್ಟ ಐತಿ, ಇಲ್ಲಾ ಹಾನಿ ಲಕ್ಷ ದಾಟೇತಿ, ಆವಾಗ ಬಿಡಬ್ಯಾಡ್ರಿ. ಎರಡೂ ಕೂಡಿಸಾಕೂ ಬರ್ತೇತಿ, ನಿಮ್ಮ ಕಂಪನಿ ಕೊಟ್ಟದ್ದು ಕೊಡ್ಲಿ, ಅವರು ಕಳದ ಡೆಪ್ರಿಸಿಯೇಷನ್ ಮತ್ತ ಕಡ್ಡಾಯ ಕಡಿತಾನ ಆ ಕಡಿಯವರಿಂದ ಕೇಳಬಹುದು, ಒಂದ ಖರ್ಚನ್ನ ಎರಡು ಕಡೆ ತಗೊಳ್ಳಾಕ ಮಾತ್ರ ಬರೂದಿಲ್ಲ.

ಗ್ಯಾರೇಜ್ ಯಾವುದು

ಕ್ಯಾಶ್‌ಲೆಸ್, ಅಂದ್ರ ಕಂಪನಿಯವರ ನೇರ ಗ್ಯಾರೇಜಿಗೆ ರೊಕ್ಕ ಕೊಡೂದು, ಬೇಕಂದ್ರ ಕಂಪನಿ ಪಟ್ಟಿಯೊಳಗಿನ ಗ್ಯಾರೇಜಿಗೆ ಹೋಗಬೇಕು. ಬ್ಯಾರೆ ಕಡೆ ಮಾಡಿಸಿದ್ರೂ ಕ್ಲೇಮ್ ಸಿಗ್ತೇತಿ, ಮೊದಲು ರೊಕ್ಕ ನೀವು ಹಾಕಿ ಆಮ್ಯಾಲೆ ವಾಪಸ್, ಆದ್ರ ಸರ್ವೇಯರ್ (ಹಾನಿ ಎಷ್ಟು ಅಂತ ನೋಡಾಕ ವಿಮಾ ಕಂಪನಿ ಕಳಸೂವರು) ನೋಡೂಕಿಂತ ಮೊದಲು ಒಂದು ಬೋಲ್ಟೂ ಬಿಚ್ಚಿಸಬ್ಯಾಡ್ರಿ. ರೊಕ್ಕದ ಮಾತಿಗೆ ಮೊದಲು ಬಿಚ್ಚಿ ನೋಡ್ರಿ ಅಂತ ಹೇಳಿದವ ಈಗ ಬಿಚ್ಚಬ್ಯಾಡ್ರಿ ಅಂತಾನಲ್ಲ ಅನ್ಕೋಬ್ಯಾಡ್ರಿ, ಕ್ಲೇಮ್ ಮಾಡೂದಿದ್ರ ಬಿಚ್ಚೂದು ಸರ್ವೇಯರ್ ಮುಂದ ಆಗಬೇಕು, ಒಳಗ ಬಾಗಿದ್ದು ಅವರ ರಿಪೋರ್ಟಿನ್ಯಾಗ ಬರಲಿಲ್ಲಂದ್ರ ಅದು ನಿಮ್ಮ ಖರ್ಚ ಆಕ್ಕೇತಿ.

ಶೋರೂಮಿನ್ಯಾಗ ಬದಲಿಸೂದು ಹೆಚ್ಚು, ನಮ್ಮ ಹಳೇ ಡೆಂಟಿಂಗ್ ಮೇಸ್ತ್ರಿಗಳು ತಿದ್ದೂದು ಹೆಚ್ಚು. ಗಾಡಿ ವಾರಂಟಿಯೊಳಗ ಐತಿ, ಕ್ಯಾಮೆರಾ ಸೆನ್ಸರ್ ಬಾಳ ಅದಾವು, ಜೀರೋ ಡೆಪ್ ಐತಿ ಅಂದ್ರ ಶೋರೂಮ್. ಏಳೆಂಟು ವರ್ಷದ ಗಾಡಿ, ರೊಕ್ಕ ಕೈಯಿಂದ ಅಂದ್ರ ಒಳ್ಳೆ ಮೇಸ್ತ್ರಿ. ಪೇಂಟ್ ಬೂತ್ ಐತೇನು ಅಂತಷ್ಟ ಕೇಳ್ರಿ, ಬಯಲಾಗ ಬಣ್ಣ ಹೊಡದ್ರ ನಮ್ಮ ಊರಿನ ಧೂಳು ಕ್ಲಿಯರ್ ಕೋಟಿನ್ಯಾಗ ಕುಂತು ಕೈಯಾಡಿಸಿದ್ರ ಗರಗಸ ಹಿಡದಂಗ ಆಕ್ಕೇತಿ.

ಬಂಪರ್ ತಿದ್ದೂದೋ ಬದಲಿಸೂದೋ ಅನ್ನೂದಕ್ಕ ನಾ ನೋಡೂದು ಬಿರುಕು ಎಲ್ಲೈತಿ ಅಂತ. ನಡುವಿದ್ರ ಪ್ಲಾಸ್ಟಿಕ್ ವೆಲ್ಡಿಂಗ್ ಸಾಕು, ಒಳಗಿಂದ ಬಿಸಿ ಪಿನ್ ಕೂಡಿಸಿ ಮಾಡ್ತಾರ, ಗಟ್ಟಿನ ಇರ್ತೇತಿ. ಬಾಡಿಗೆ ಕೂಡೂ ಲಾಕ್ ಮುರದಿದ್ರ, ಇಲ್ಲಾ ಸೆನ್ಸರ್ ತೂತು ಸೀಳಿದ್ರ ಬದಲಿಸ್ರಿ. ಜುಲೈ 2019ರಿಂದ ಹೊಸ ಕಾರಿಗೆಲ್ಲಾ ರಿವರ್ಸ್ ಸೆನ್ಸರ್ ಕಡ್ಡಾಯ, ತೂತು ಒಂದೀಟು ವಾರಿ ಆದ್ರೂ ಖಾಲಿ ಜಾಗದಾಗ ಬೀಪ್ ಅಂತೇತಿ, ಬೇಕಾದಾಗ ಸುಮ್ಮನಿರ್ತೇತಿ. ಬಂಪರ್ ಮ್ಯಾಲೆ ದಪ್ಪ ಪುಟ್ಟಿ ಹಾಕಾಕ ಬಿಡಬ್ಯಾಡ್ರಿ, ಬಂಪರ್ ಬಾಗ್ತೇತಿ, ಪುಟ್ಟಿ ಬಾಗೂದಿಲ್ಲ. ಹಿಂದಿನ ಚಕ್ರದ ಮ್ಯಾಲಿನ ತಗಡು, ಕ್ವಾರ್ಟರ್ ಪ್ಯಾನೆಲ್ ಅಂತಾರಲ್ಲ, ಅದು ಬಾಡಿಗೆ ವೆಲ್ಡ್ ಆಗಿರ್ತೇತಿ, ಹರದಿಲ್ಲಂದ್ರ ಕೊಯ್ಯಾಕ ಒಪ್ಪಬ್ಯಾಡ್ರಿ, ಎಳದು ತಿದ್ದಿಸ್ರಿ, ಕೊಯ್ದ ಜಾಗದಾಗ ತುಕ್ಕು ಶುರು ಆಕ್ಕೇತಿ. ರಿಪೇರಿ ಖರ್ಚು ಐಡಿವಿಯ (ಪಾಲಿಸಿಯೊಳಗ ಬರದ ಗಾಡಿ ಬೆಲಿಯ) 75 ಪರ್ಸೆಂಟ್ ದಾಟಿದ್ರ ಗಾಡಿನ್ನ ಟೋಟಲ್ ಲಾಸ್ ಅಂತ ಹಿಡೀತಾರ, ಆವಾಗ ಈ ಪ್ರಶ್ನೆನ ಬರೂದಿಲ್ಲ.

ಸಿಎನ್‌ಜಿ ಗಾಡಿ ಇದ್ದವರು ದಯಮಾಡಿ ಇದನ್ನ ಹಗೂರ ತಗೋಬ್ಯಾಡ್ರಿ. ಸಿಲಿಂಡರ್ ಇರೂದು ಡಿಕ್ಕಿಯೊಳಗ, ಗುದ್ದು ಬೀಳೂದೂ ಅಲ್ಲೇ. ಹೊರಗ ಏನೂ ಕಾಣದಿದ್ರೂ ವಾಲ್ವ್ ಬಂದ್ ಮಾಡಿ ಪೆಟ್ರೋಲಿನ ಮ್ಯಾಲೆ ಗಾಡಿ ಒಯ್ರಿ, ಸಿಲಿಂಡರ್ ಕಟ್ಟಿದ ಪಟ್ಟಿ, ಬ್ರಾಕೆಟ್, ಪೈಪ್ ಎಲ್ಲಾ ಸಿಎನ್‌ಜಿ ಕೆಲಸ ಗೊತ್ತಿದ್ದವರಿಂದ ನೋಡಿಸ್ರಿ, ಸಿಲಿಂಡರಿಗೆ ತಗ್ಗು ಬಿದ್ದಿದ್ರ ಮತ್ತ ಗ್ಯಾಸ್ ತುಂಬಿಸಬ್ಯಾಡ್ರಿ. ಮೂರು ವರ್ಷಕ್ಕೊಮ್ಮೆ ಮಾಡೂ ಹೈಡ್ರೋ ಟೆಸ್ಟ್ (ಸಿಲಿಂಡರ್ ಒತ್ತಡ ತಡೀತೇತೇನು ಅನ್ನೂ ಪರೀಕ್ಷಾ) ಇನ್ನೂ ವೇಳೆ ಐತಿ ಅಂತ ಕಾಯೂದು ಬ್ಯಾಡ.

ಹಿಂದಿನ ನಂಬರ್ ಪ್ಲೇಟ್ ಮಡಚಿದ್ರ ಅದನ್ನ ಎಸ್ಟಿಮೇಟಿನ್ಯಾಗ ಹಾಕಾಕ ಹೇಳ್ರಿ, ಅದು ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ ಪ್ಲೇಟ್) ಆದ್ದರಿಂದ ರಸ್ತೆ ಬದಿ ಬರಸಾಕ ಬರೂದಿಲ್ಲ, ಹೊಸದಕ್ಕ ಬುಕ್ ಮಾಡಬೇಕು. ಕ್ಲೇಮ್ ಅನ್ಯಾಯವಾಗಿ ಕಡಿಮಿ ಮಾಡಿದ್ರ ಮೊದಲು ಕಂಪನಿಗೆ ಬರದು ಕೊಡ್ರಿ, ಒಂದು ತಿಂಗಳಾದ್ರೂ ಉತ್ತರ ಇಲ್ಲಂದ್ರ ವಿಮಾ ದೂರು ಕೇಳಿ ತೀರ್ಮಾನ ಮಾಡೂ ಬೆಂಗಳೂರಿನ ಇನ್ಶೂರೆನ್ಸ್ ಓಂಬುಡ್ಸ್‌ಮನ್ ಐತಿ, ಫೀಸಿಲ್ಲ, ವಕೀಲರೂ ಬ್ಯಾಡ. ಇಲ್ಲಾ ಜಿಲ್ಲಾ ಗ್ರಾಹಕರ ಆಯೋಗ.

ಗಾಡಿ ವಾಪಸ್ ತಗೊಳ್ಳೂದಕ್ಕ ಹಗಲೊತ್ತಿನ್ಯಾಗ ಹೋಗ್ರಿ, ಟ್ಯೂಬ್‌ಲೈಟಿನ ಕೆಳಗ ಬಣ್ಣದ ಫರಕು ಕಾಣೂದಿಲ್ಲ. ಡಿಕ್ಕಿ ಬಾಗಲಾ ಹತ್ತು ಸಲ ತಗದು ಹಾಕ್ರಿ, ಸಂದಿಯೊಳಗ ಬೆರಳು ಇಟ್ಟು ಎರಡೂ ಕಡೆ ಸಮ ಐತೇನು ನೋಡ್ರಿ, ಹಳೇ ಪಾರ್ಟ್ ತೋರಸ್ರಿ ಅನ್ರಿ. ಆಮ್ಯಾಲೆ ಅವರ ಪೈಪ್ ತಗೊಂಡು ಡಿಕ್ಕಿ ಮ್ಯಾಲೆ ಐದು ನಿಮಿಷ ನೀರು ಬಿಡ್ರಿ, ಸ್ಟೆಪ್ನಿ ಎತ್ತಿ ಕೆಳಗ ಕೈ ಹಾಕ್ರಿ. ಒಣಗಿದ್ದಿದ್ರ ಸಹಿ ಮಾಡ್ರಿ.